ಅವ್ವನ ಚೀಟಿ ಗುಂಪಿನಲ್ಲಿ ಮಂಡಕ್ಕಿ ಭಟ್ಟಿಯ ಅಕ್ಕ

ದಾವಣಗೆರೆಯಲ್ಲಿ ನಮ್ಮ ಅವ್ವ ಚೀಟಿ ನಡೆಸುತ್ತಾಳೆ. ಇಪ್ಪತ್ತೆರಡು ಜನ ಹೆಂಗಸರು. ಹೋದ ತಿಂಗಳು ಅವಳ ಪಕ್ಕ ಕೂತು, ಯಾರು ಯಾರ ಮನೆಗೆ ಹೋಗಿ ಬರುತ್ತಾರೆ, ಯಾರು ಯಾರಿಗೆ ಕೈಗಡ ಕೊಡುತ್ತಾರೆ ಅಂತ ಕೇಳಿ ಕೇಳಿ ಹಾಳೆ ತುಂಬ ಒಬ್ಬೊಬ್ಬರಿಗೆ ಒಂದು ಚುಕ್ಕಿ, ಒಡನಾಟ ಇದ್ದವರ ನಡುವೆ ಗೆರೆ ಹಾಕಿದೆ. ಇಂಥ ಜಾಲದಲ್ಲಿ ಒಳಗೊಳಗೆ ಗೆರೆ ಜಾಸ್ತಿ, ಹೊರಗೆ ಕಡಿಮೆ ಇರುವ ಗುಂಪುಗಳನ್ನು ಹುಡುಕುವುದೇ ಕಮ್ಯುನಿಟಿ ಡಿಟೆಕ್ಷನ್.

2002ರಲ್ಲಿ ಗಿರ್ವನ್ ಮತ್ತು ನ್ಯೂಮನ್ ಅನ್ನುವ ಸಂಶೋಧಕರು ಹೇಳಿದ ವಿಧಾನ ನಮ್ಮೂರಿನವರಿಗೆ ಬೇಗ ಹಿಡಿಸುತ್ತೆ. ಅಶೋಕ ರಸ್ತೆಯ ರೈಲ್ವೆ ಗೇಟ್ ನೆನಪಿಸಿಕೊಳ್ಳಿ. ಗೇಟ್ ಬಿತ್ತು ಅಂದರೆ ಆಟೋ, ಬೈಕು, ಸ್ಕೂಲ್ ಮಕ್ಕಳು ಎಲ್ಲರೂ ನಿಂತಲ್ಲೇ ನಿಲ್ಲುತ್ತಿದ್ದರು, ಯಾಕಂದರೆ ಹಳಿಯ ಈ ಕಡೆಯಿಂದ ಆ ಕಡೆಗೆ ಹೋಗುವ ಎಷ್ಟೋ ಜನರ ಹತ್ತಿರದ ದಾರಿ ಅದೇ ಆಗಿತ್ತು. ಜಾಲದಲ್ಲೂ ಹಾಗೇ, ಅತಿ ಹೆಚ್ಚು ಹತ್ತಿರದ ದಾರಿಗಳು ಹಾಯುವ ಗೆರೆಯನ್ನು ಹುಡುಕಿ ಅಳಿಸಬೇಕು, ಮತ್ತೆ ಲೆಕ್ಕ ಹಾಕಿ ಮತ್ತೆ ಅಳಿಸಬೇಕು. ಗುಂಪುಗಳು ಬಿಡಿಬಿಡಿಯಾಗುತ್ತಾ ಹೋಗುತ್ತವೆ. ಜಾಲ ದೊಡ್ಡದಾದರೆ ಮಾತ್ರ ಇದು ತುಂಬಾ ನಿಧಾನ. 2008ರಲ್ಲಿ ಬಂದ ಲೂವಾನ್ ವಿಧಾನ ಬಹಳ ಚುರುಕು, ನಾನು ಬಳಸಿದ್ದು ಅದನ್ನೇ.

ಮೂರು ಗುಂಪು ಬಂತು. ಅವ್ವ ಕನ್ನಡಕ ಹಾಕಿಕೊಂಡು ಬೆರಳಿಟ್ಟು ನೋಡಿದಳು. ಇವರು ಭಜನೆಯವರು, ಇವರು ನಮ್ಮ ಬೀದಿಯವರು, ಇವರು ದುರ್ಗದ ಕಡೆ ನೆಂಟರು. ಮಂಡಕ್ಕಿ ಭಟ್ಟಿಯ ಅಕ್ಕನ ಚುಕ್ಕಿ ಬಂದಾಗ ಬೆರಳು ನಿಂತಿತು.

"ಇವಳನ್ನ ಯಾಕೆ ಭಜನೆಯವರ ಜೊತೆ ಹಾಕಿದೀಯ? ಕಂತು ಕಟ್ಟೋಕೆ ದುಡ್ಡಿಲ್ಲ ಅಂದ್ರೆ ನಮ್ಮ ಬೀದಿಯವರೆಲ್ಲ ಇವಳ ಹತ್ರಾನೇ ಹೋಗೋದು."

ಸರಿ ಅಲ್ವಾ! ಲೂವಾನ್ ಪ್ರತಿ ಚುಕ್ಕಿಯನ್ನೂ ಒಂದೇ ಗುಂಪಿಗೆ ಸೇರಿಸುತ್ತೆ, ಎರಡು ಕಡೆ ಸಲ್ಲುವವರಿಗೆ ಅದರಲ್ಲಿ ಜಾಗವೇ ಇಲ್ಲ. ನನಗೆ ಜಕಾರಿ ಅನ್ನುವ ಸಂಶೋಧಕ ಅಧ್ಯಯನ ಮಾಡಿದ ಕರಾಟೆ ಕ್ಲಬ್ ನೆನಪಾಯಿತು. 34 ಜನರ ಆ ಕ್ಲಬ್ ಫೀಸಿನ ಜಗಳದಲ್ಲಿ ಅಧ್ಯಕ್ಷರ ಕಡೆ, ಕರಾಟೆ ಗುರುವಿನ ಕಡೆ ಅಂತ ಒಡೆದು ಎರಡಾಯಿತು, ಯಾರು ಯಾವ ಕಡೆ ಹೋದರು ಅನ್ನುವುದನ್ನು 1977ರ ಪ್ರಬಂಧದಲ್ಲಿ ಜಕಾರಿ ಬರೀ ಒಡನಾಟದ ಗೆರೆಗಳಿಂದಲೇ ಲೆಕ್ಕ ಹಾಕಿ ತೋರಿಸಿದ. ತಪ್ಪಿದ್ದು ಒಬ್ಬನದು ಮಾತ್ರ, ಒಂಬತ್ತನೇ ಸದಸ್ಯನದು. ಅವನ ಒಲವು ಅಧ್ಯಕ್ಷರ ಕಡೆಗಿತ್ತು, ಆದರೆ ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ಮೂರೇ ವಾರ ಉಳಿದಿದ್ದರಿಂದ ಗುರುವಿನ ಹಿಂದೆ ಹೋದ. ಆ ಮೂರು ವಾರ ಯಾವ ಗೆರೆಯಲ್ಲೂ ಇರಲಿಲ್ಲ.

ಆಮೇಲೆ ನಾನು 2005ರ ಇನ್ನೊಂದು ವಿಧಾನ ಹಿಡಿದೆ. ಇದರಲ್ಲಿ ಪರಸ್ಪರ ಗೊತ್ತಿರುವ ಮೂವರು ಒಂದು ತ್ರಿಕೋನ. ಒಂದು ಬದಿ ಹಂಚಿಕೊಂಡ ತ್ರಿಕೋನಗಳೆಲ್ಲ ಸೇರಿ ಒಂದು ಗುಂಪು, ಒಂದು ಚುಕ್ಕಿ ಎರಡು ಗುಂಪಲ್ಲೂ ಇರಬಹುದು. ಅಕ್ಕನಿಗೆ ಎರಡು ಬಣ್ಣ ಬಂತು. ಖುಷಿಯಿಂದ ತೋರಿಸಿದೆ. ಅವ್ವ ಪೆನ್ನು ಇಸಿದುಕೊಂಡು ಅಕ್ಕನ ಚುಕ್ಕಿಯಿಂದ ದುರ್ಗದವರ ಕಡೆಗೆ ಇನ್ನೆರಡು ಗೆರೆ ಎಳೆದಳು.