ಹೊಸ್ತಿಲ ಮೇಲೆ ಕೂತ ಮಕ್ಕಳು

ಬೆಳಿಗ್ಗೆ ಒಂಬತ್ತೂವರೆಗೆ ನಾನು ಅಂಗನವಾಡಿ ಬಾಗಿಲಲ್ಲಿ ನಿಂತಿದ್ದೆ. ಕೈಯಲ್ಲಿ ಐದು ಮೀಟರಿನ ಟೇಪು, ಒಂದು ಸ್ಕೆಚ್ ಬುಕ್ಕು, ಎರಡು ಪೆನ್ಸಿಲ್. ತಿ. ನರಸೀಪುರದ ಹತ್ತಿರದ ಹಳ್ಳಿ ಅದು, ನನ್ನ ಸೋದರತ್ತೆಯ ಊರು. ಹಿಂದಿನ ದಿನವೇ ಅತ್ತೆ ಟೀಚರಿಗೆ ಹೇಳಿಟ್ಟಿದ್ದರು. ಬಾಗಿಲು ತೆಗೆದ ಸಹಾಯಕಿ ನನ್ನ ಟೇಪು ನೋಡಿ, "ರಿಪೇರಿಗೆ ಬಂದ್ಯಾ ಅವ್ವ?" ಅಂದರು. "ಇಲ್ಲ ಅಕ್ಕಾ, ಸುಮ್ನೆ ಕೂತು ನೋಡೋಕೆ ಬಂದೆ" ಅಂದೆ. "ನೋಡಾಕೇನದೆ, ಬಾ ಕೂತ್ಕೊ" ಅಂತ ಚಾಪೆ ಕೊಡವಿ ಹಾಸಿದರು.

ಆಗ ನಾನು ಆರ್ಕಿಟೆಕ್ಚರ್ ಮೂರನೇ ವರ್ಷದಲ್ಲಿದ್ದೆ. ಆ ಸೆಮಿಸ್ಟರಿನ ಡಿಸೈನ್ ಪ್ರಾಜೆಕ್ಟು ಹಳ್ಳಿಯೊಂದಕ್ಕೆ ಅಂಗನವಾಡಿ. 25 ಮಕ್ಕಳು, ಒಂದು ಅಡುಗೆಮನೆ, ಉಗ್ರಾಣ, ಶೌಚಾಲಯ. ಎರಡೇ ವಾರದಲ್ಲಿ ನನ್ನ ಪ್ಲಾನ್ ಸಿದ್ಧವಾಗಿತ್ತು. ನಡುವೆ ಅಂಗಳ, ಸುತ್ತ ಹೂವಿನ ದಳದ ಹಾಗೆ ಬಾಗಿದ ಗೋಡೆಗಳು. ಕಂಪ್ಯೂಟರಿನಲ್ಲಿ ಬಿಸಿಲು, ನೆರಳು, ಮರ ಎಲ್ಲ ಹಾಕಿ ರೆಂಡರ್ ಕೂಡ ಮಾಡಿದ್ದೆ. ನೋಡಿದವರೆಲ್ಲ ಚೆನ್ನಾಗಿದೆ ಅಂದಿದ್ದರು.

ಸ್ಟುಡಿಯೊದಲ್ಲಿ ಮೇಡಂ ರೆಂಡರ್ ಪಕ್ಕಕ್ಕೆ ಸರಿಸಿ ಸೆಕ್ಷನ್ ಶೀಟ್, ಅಂದರೆ ಕಟ್ಟಡವನ್ನು ಮೇಲಿಂದ ಕೆಳಕ್ಕೆ ಸೀಳಿದ ಹಾಗೆ ಒಳಗನ್ನು ತೋರಿಸುವ ಚಿತ್ರ, ಎಳೆದುಕೊಂಡರು. ಅದರಲ್ಲಿ ನಿಂತಿದ್ದ ಮನುಷ್ಯನ ಮೇಲೆ ಬೆರಳಿಟ್ಟು, "ಇವರು ಯಾರು?" ಅಂದರು.

"ಸ್ಕೇಲ್ ಫಿಗರ್ ಮೇಡಂ."

ಐದೂವರೆ ಅಡಿಯ ಗಂಡಸು, ಹೆಗಲಿಗೊಂದು ಬ್ಯಾಗು. ಕಟ್ಟಡದ ಅಳತೆ ಗೊತ್ತಾಗಲಿ ಅಂತ ಎಲ್ಲರೂ ಎಲ್ಲ ಡ್ರಾಯಿಂಗಿಗೂ ಹಾಕುವ ಅದೇ ಚಿತ್ರ.

"ಇಲ್ಲಿರೋದು ಮೂರು ವರ್ಷದ ಮಗು ಅಲ್ವಾ? ಮೊದಲು ಅದನ್ನ ನಿಲ್ಲಿಸು. ಅದಕ್ಕೆ ಇಲ್ಲಿಂದ ಏನು ಕಾಣುತ್ತೆ ಅಂತ ಬಂದು ಹೇಳು."

ಅಷ್ಟೇ. ಪಕ್ಕದ ಟೇಬಲ್ಲಿಗೆ ಹೋದರು. ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ಆ ಚಿತ್ರವನ್ನೇ ಕುಗ್ಗಿಸಿ ನಿಲ್ಲಿಸಿ ನೋಡಿದೆ. ಅದು ಮಗು ಆಗಲಿಲ್ಲ. ಮಗುವಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕಾಲು ಗಿಡ್ಡ. ದೊಡ್ಡವರನ್ನು ಚಿಕ್ಕದು ಮಾಡಿದರೆ ಮಗು ಸಿಗೋದಿಲ್ಲ. ಮರುದಿನವೇ ಅತ್ತೆಗೆ ಫೋನ್ ಮಾಡಿದೆ.

ನಾನು ಹೋಗಿದ್ದು ಫೆಬ್ರವರಿಯಲ್ಲಿ. ಕರ್ನಾಟಕದಲ್ಲಿ ಈ ಅಂಗನವಾಡಿಗಳು ಮೊದಲು ಶುರುವಾಗಿದ್ದೇ ತಿ. ನರಸೀಪುರ ತಾಲ್ಲೂಕಿನಲ್ಲಿ, 1975ರ ಅಕ್ಟೋಬರ್ 2ರಂದು. ಟೀಚರ್ ಇದನ್ನು ತಮ್ಮ ಮನೆಯ ವಿಷಯ ಹೇಳುವಷ್ಟು ಹೆಮ್ಮೆಯಿಂದ ಹೇಳಿದರು. ಕಟ್ಟಡ ಒಂದೇ ಕೋಣೆಯದು. ಪಕ್ಕದಲ್ಲಿ ಅಡುಗೆಗೆ ಸಣ್ಣ ಜಾಗ, ಮುಂದೆ ಒಂದು ಬಾಗಿಲು, ಪೂರ್ವಕ್ಕೂ ಉತ್ತರಕ್ಕೂ ಒಂದೊಂದು ಕಿಟಕಿ.

ಮೊದಲ ಒಂದು ಗಂಟೆ ನನಗೆ ಏನೂ ಕಾಣಲಿಲ್ಲ. ಗಲಾಟೆ, ಅಳು, ಪ್ರಾರ್ಥನೆ. ಆಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಕೋಣೆ ಅಷ್ಟು ಖಾಲಿ ಇದ್ದರೂ ಮಕ್ಕಳು ಹೋಗಿ ಹೋಗಿ ಹೊಸ್ತಿಲ ಮೇಲೆ ಕೂರುತ್ತಿದ್ದರು. ಟೀಚರ್ ಕರೆದರೆ ಒಳಗೆ ಬರೋರು, ಎರಡು ನಿಮಿಷಕ್ಕೆ ಮತ್ತೆ ಅಲ್ಲೇ. ಒಂದೇ ಹೊಸ್ತಿಲಿನಲ್ಲಿ ನಾಲ್ಕು ಮಕ್ಕಳು ಒತ್ತಿಕೊಂಡು ಕೂತು ಹೊರಗೆ ನೋಡುತ್ತಿದ್ದವು. ಯಾಕೆ ಅಲ್ಲೇ ಅಂತ ಗೊತ್ತಾಗಲಿಲ್ಲ.

ಟೀಚರ್ ಪ್ರತಿ ತಿಂಗಳು ಮಕ್ಕಳ ತೂಕ, ಎತ್ತರ ಅಳೆದು ಮೊಬೈಲಿನ ಪೋಷಣ್ ಟ್ರ್ಯಾಕರ್ ಆ್ಯಪಿಗೆ ಹಾಕುತ್ತಾರೆ. ಆ ದಿನ ಮೂರು ಮಕ್ಕಳ ಎತ್ತರ ಅಳೆಯೋದು ಬಾಕಿ ಇತ್ತು. ನಾನೂ ಜೊತೆಗೆ ನಿಂತೆ. ಮೂರು ವರ್ಷದ ಹುಡುಗಿಯೊಬ್ಬಳು ಗೋಡೆಗೆ ಬೆನ್ನು ಒತ್ತಿ, ಉಸಿರು ಬಿಗಿಹಿಡಿದು ನಿಂತಳು. 94 ಸೆಂಟಿಮೀಟರ್. ಕಣ್ಣಿನ ಮಟ್ಟ ಎಷ್ಟು ಅಂತ ಟೇಪು ಹಿಡಿದು ನೋಡಿದೆ. 84. ಹಾಗೇ ಕಿಟಕಿಯ ಹತ್ತಿರ ಹೋಗಿ ಅದರ ಕೆಳಗಿನ ಅಂಚು ಅಳೆದೆ. 90.

ನಮ್ಮಲ್ಲಿ ಕಿಟಕಿ ಅಂದರೆ ನೆಲದಿಂದ ಮೂರು ಅಡಿ, ಅಂದರೆ 90 ಸೆಂಟಿಮೀಟರ್ ಬಿಟ್ಟು ಇಡೋದು ವಾಡಿಕೆ. ನನ್ನ ಡ್ರಾಯಿಂಗಿನಲ್ಲೂ ಅಷ್ಟೇ ಇತ್ತು. ಯಾರೂ ಹೇಳದೆ ನಾನೇ ಹಾಕಿದ ಅಳತೆ ಅದು. ನಾನು ಮಂಡಿಯೂರಿ, ಆ ಹುಡುಗಿಯ ಕಣ್ಣಿನ ಮಟ್ಟಕ್ಕೆ ತಲೆ ತಗ್ಗಿಸಿ ಕಿಟಕಿ ಕಡೆ ನೋಡಿದೆ. ಸರಳು, ಸರಳಿನ ಆಚೆ ತೆಂಗಿನ ಗರಿಯ ತುದಿ, ಆಕಾಶ. ಅಷ್ಟೇ. ರಸ್ತೆ ಇಲ್ಲ, ಹಸು ಇಲ್ಲ, ಎದುರು ಮನೆ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದ ಅಜ್ಜಿ ಇಲ್ಲ. ಇದೆಲ್ಲ ಕಾಣೋ ಜಾಗ ಆ ಕೋಣೆಯಲ್ಲಿ ಒಂದೇ. ಹೊಸ್ತಿಲು.

ಆ ಮಕ್ಕಳಿಗೆ ಕಿಟಕಿ ಅಂದರೆ ಹೊಸ್ತಿಲು ಅಂತ ಆಗ ಹೊಳೆಯಿತು. ಮೈ ಜುಮ್ಮೆಂದಿತು. ಮೂರು ವರ್ಷದಲ್ಲಿ ನಾನು ಬರೆದ ಯಾವ ಕಿಟಕಿಯನ್ನೂ ಯಾರ ಕಣ್ಣಿನಿಂದಲೂ ನೋಡಿರಲಿಲ್ಲ.

ಹತ್ತು ಗಂಟೆಗೆ ಪೂರ್ವದ ಕಿಟಕಿಯಿಂದ ಬಿಸಿಲು ಬಂದು ಚಾಪೆಯ ಮೇಲೆ ಚೌಕವಾಗಿ ಬಿದ್ದಿತ್ತು. ಸಹಾಯಕಿ ಅಕ್ಕ ಮಾತಾಡುತ್ತಲೇ ಚಾಪೆಯನ್ನು ಮಕ್ಕಳ ಸಮೇತ ಎರಡು ಅಡಿ ಎಳೆದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ. ಉತ್ತರದ ಗೋಡೆ ಕಡೆ ಯಾಕೆ ಹಾಸಲ್ಲ ಅಂತ ಕೇಳಿದೆ. "ಈಗ ಹಾಸ್ಬೋದು ಕಣವ್ವ. ಬೇಸ್ಗೇಲಿ ಆ ಬಡಗಲು ಗೋಡೆ ಕಾಯ್ತದೆ. ಮಕ್ಳ ಮಲಗ್ಸಕ್ಕಾಗಲ್ಲ" ಅಂದರು.

ನನಗೆ ಅನುಮಾನ. ಉತ್ತರದ ಬೆಳಕು ತಂಪು ಅಂತ ಪಾಠದಲ್ಲಿ ಓದಿದ್ದೆ. ಹಾಸ್ಟೆಲಿಗೆ ಬಂದು ಸೂರ್ಯನ ದಾರಿಯ ಚಾರ್ಟ್ ತೆಗೆದು ನೋಡಿದೆ. ಆ ಊರು ಇರೋದು 12 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದ ತನಕ ಮಧ್ಯಾಹ್ನದ ಸೂರ್ಯ ಅಲ್ಲಿ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಬೆಳಿಗ್ಗೆ ಸಂಜೆಯ ಓರೆ ಬಿಸಿಲಂತೂ ನೇರ ಆ ಗೋಡೆಗೇ. ಮೇಲೆ ಸಜ್ಜಾ ಕೂಡ ಇರಲಿಲ್ಲ. ಉತ್ತರದ ಬೆಳಕಿನ ಆ ಮಾತು ನಮಗಿಂತ ಎಷ್ಟೋ ಉತ್ತರಕ್ಕಿರುವ ಊರುಗಳಿಗೆ ಸರಿ. ಅಕ್ಕನಿಗೆ ಚಾರ್ಟ್ ಬೇಕಿರಲಿಲ್ಲ. ಹತ್ತಾರು ಬೇಸಿಗೆ ಆ ಗೋಡೆ ಮುಟ್ಟಿ ನೋಡಿದ್ದರು.

ಮಧ್ಯಾಹ್ನ ಇನ್ನೊಂದು ಪಾಠ ಕಾದಿತ್ತು. ಊಟದ ಹೊತ್ತಿಗೆ ಇಬ್ಬರು ಬಸುರಿಯರು ಬಂದರು. ಗರ್ಭಿಣಿ, ಬಾಣಂತಿಯರಿಗೆ ದಿನಕ್ಕೊಂದು ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಿಂದ ಇದೆ. ನಮಗೆ ಕೊಟ್ಟ ಪ್ರಾಜೆಕ್ಟಿನ ಹಾಳೆಯಲ್ಲಿ ಬರೀ ಮಕ್ಕಳಿದ್ದರು, ಇವರು ಇರಲಿಲ್ಲ. ಅನ್ನ, ಸಾರು, ಮೊಟ್ಟೆ. ಇಬ್ಬರೂ ಗೋಡೆಗೆ ಒರಗಿ ನೆಲದ ಮೇಲೆ ಕೂತು ಉಂಡರು. ಏಳುವಾಗ ಏಳು ತಿಂಗಳು ತುಂಬಿದ ಒಬ್ಬಾಕೆ ಒಂದು ಕೈ ನೆಲಕ್ಕೂರಿ, ಇನ್ನೊಂದು ಕೈಯಿಂದ ಕಿಟಕಿಯ ಸರಳು ಹಿಡಿದು, ತುಟಿ ಕಚ್ಚಿ ಮೇಲೆದ್ದರು. ಆ ಸರಳಿನ ಒಂದು ಕಡೆ ಮಾತ್ರ ಬಣ್ಣ ಸವೆದು ಕಬ್ಬಿಣ ನುಣುಪಾಗಿ ಹೊಳೆಯುತ್ತಿತ್ತು. ಎಷ್ಟು ತಾಯಂದಿರು ಅದೇ ಜಾಗ ಹಿಡಿದು ಎದ್ದಿರಬಹುದು! ಸ್ಕೆಚ್ ಬುಕ್ಕಿನಲ್ಲಿ ಆ ಸರಳೊಂದನ್ನೇ ಒಂದಿಡೀ ಪುಟ ಬರೆದೆ. ಫೋಟೊ ತೆಗೆಯಲು ಮನಸ್ಸು ಬರಲಿಲ್ಲ.

ಸಂಜೆ ಬಸ್ಸಿನಲ್ಲಿ ಕೂತಾಗ ನೆನಪಾಗಿದ್ದು ಬೆಂಗಳೂರಿನ ಐಐಎಂ. ಎರಡನೇ ವರ್ಷದಲ್ಲಿ ನಮ್ಮನ್ನು ಬನ್ನೇರುಘಟ್ಟ ರಸ್ತೆಯ ಆ ಕ್ಯಾಂಪಸ್ ನೋಡಲು ಕರೆದುಕೊಂಡು ಹೋಗಿದ್ದರು. ಅದನ್ನು ವಿನ್ಯಾಸ ಮಾಡಿದವರು ಬಾಲಕೃಷ್ಣ ದೋಶಿ, ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿಯನ್ನು 2018ರಲ್ಲಿ ಪಡೆದ ಮೊದಲ ಭಾರತೀಯ. ಬೂದು ಬಣ್ಣದ ಒರಟು ಕಲ್ಲಿನ ಗೋಡೆಗಳು, ಎತ್ತರದ ಕಾರಿಡಾರುಗಳು, ಮೇಲಿನ ತೊಲೆಗಳ ಸಂದಿಯಿಂದ ನೆಲಕ್ಕೆ ಬೀಳುವ ಬಿಸಿಲಿನ ಪಟ್ಟೆಗಳು. ಅಲ್ಲಿ ಕಾರಿಡಾರು ಬರೀ ನಡೆಯೋ ದಾರಿ ಅಲ್ಲ, ಜನ ನಿಂತು ಮಾತಾಡೋ ಜಾಗ. ನಾನು ಮುನ್ನೂರು ಫೋಟೊ ತೆಗೆದಿದ್ದೆ. ಒಂದು ಕಾರಿಡಾರಿನ ಅಗಲ ಎಷ್ಟು ಹೆಜ್ಜೆ ಅಂತ ಎಣಿಸಿರಲಿಲ್ಲ. ಆ ಮುನ್ನೂರು ಫೋಟೊಗಿಂತ 84 ಮತ್ತು 90 ಅನ್ನೋ ಎರಡು ಅಂಕಿ ನನಗೆ ಜಾಸ್ತಿ ಕಲಿಸಿದವು.

ದಳದ ಪ್ಲಾನ್ ಬಿಟ್ಟುಬಿಟ್ಟೆ. ಬೇಜಾರಾಯಿತು, ನಿಜ. ಆದರೆ ಆ ಬಾಗಿದ ಗೋಡೆಗಳಲ್ಲಿ ಮಗು ಎಲ್ಲೂ ಇರಲಿಲ್ಲ. ಬಟರ್ ಪೇಪರ್ ಹಾಸಿ ಪೆನ್ಸಿಲಿನಲ್ಲಿ ಮೊದಲಿಂದ ಶುರು ಮಾಡಿದೆ. ಪ್ಲಾನಿನಿಂದ ಅಲ್ಲ, ಸೆಕ್ಷನ್ನಿನಿಂದ. ಮೊದಲು 94 ಸೆಂಟಿಮೀಟರಿನ ಹುಡುಗಿಯನ್ನು ಬರೆದೆ. ಆಮೇಲೆ ಅವಳ ಸುತ್ತ ಗೋಡೆ. ಕಿಟಕಿಯ ಅಂಚು 35 ಸೆಂಟಿಮೀಟರಿಗೆ ಇಳಿಯಿತು, ಒಂದೂವರೆ ಅಡಿ ಅಗಲವಾಗಿ ಮಕ್ಕಳು ಹತ್ತಿ ಕೂರುವ ಕಟ್ಟೆಯಾಯಿತು. ಬೀಳದ ಹಾಗೆ ಹೊರಗಿನಿಂದ ಸರಳು. ಮೆಟ್ಟಿಲಿನ ಎತ್ತರ 15ರಿಂದ 11 ಸೆಂಟಿಮೀಟರಿಗೆ ಬಂತು. ಮುಂದೆ ಉದ್ದಕ್ಕೂ ಜಗಲಿ. ಅದು 45 ಸೆಂಟಿಮೀಟರ್ ಎತ್ತರ, ತಾಯಂದಿರು ಕಾಲು ಇಳಿಬಿಟ್ಟು ಕೂತು ಉಣ್ಣೋದಕ್ಕೆ. ಏಳುವಾಗ ಹಿಡಿಯಲು ಪಕ್ಕದಲ್ಲಿ ಮರದ ಕಂಬ. ಉತ್ತರದ ಗೋಡೆಗೆ ಸೂರನ್ನು ಮೂರು ಅಡಿ ಚಾಚಿದೆ. ಗೋಡೆಗೆ ಮಣ್ಣಿನ ಬ್ಲಾಕು, ಸೂರಿಗೆ ಮಂಗಳೂರು ಹೆಂಚು.

ಅಂದಿನಿಂದ ಯಾವ ಪ್ರಾಜೆಕ್ಟ್ ಕೊಟ್ಟರೂ ಮೊದಲ ಒಂದು ದಿನ ಲ್ಯಾಪ್‌ಟಾಪ್ ತೆಗೆಯೋದಿಲ್ಲ. ಟೇಪು ಹಿಡಿದು ಹೋಗಿ ಒಂದು ಕಡೆ ಕೂರುತ್ತೇನೆ. ಜನ ಎಲ್ಲಿ ಒರಗುತ್ತಾರೆ, ಚಪ್ಪಲಿ ಎಲ್ಲಿ ಬಿಡುತ್ತಾರೆ, ಬಣ್ಣ ಎಲ್ಲಿ ಸವೆದಿದೆ ಅಂತ ನೋಡುತ್ತೇನೆ. ಬಸ್ ನಿಲ್ದಾಣದ ಪ್ರಾಜೆಕ್ಟಿಗೂ ಹಾಗೇ ಮಾಡಿದೆ. ಗೆಳತಿಯರಿಗೆ ಇದು ಟೈಮ್ ವೇಸ್ಟ್ ಅನ್ನಿಸುತ್ತೆ. ನನಗೆ ಕಲಿಯೋಕೆ ಬೇರೆ ದಾರಿ ಗೊತ್ತಿಲ್ಲ.

ಪ್ರಾಜೆಕ್ಟನ್ನು ಪರೀಕ್ಷಕರ ಮುಂದಿಡುವ ಫೈನಲ್ ಜ್ಯೂರಿ ಮುಗಿಯಿತು. ಹೊರಗಿನಿಂದ ಬಂದ ಆರ್ಕಿಟೆಕ್ಟ್ ಬಗ್ಗಿ ಮೌಂಟ್ ಬೋರ್ಡಿನ ಮಾಡೆಲ್ ಒಳಗೆ ತುಂಬ ಹೊತ್ತು ಇಣುಕಿದರು. ಚೆನ್ನಾಗಿದೆ ಅಂದರು. ಆದರೆ ನನಗೆ ಬೇಕಿದ್ದ ಮಾತು ಅವರದಲ್ಲ.

ಮುಂದಿನ ಭಾನುವಾರ ಶೀಟುಗಳನ್ನು ಸುತ್ತಿಕೊಂಡು ಅತ್ತೆಯ ಊರಿಗೆ ಹೋದೆ. ಸಹಾಯಕಿ ಅಕ್ಕನ ಮನೆ ಜಗಲಿಯಲ್ಲೇ ಪ್ಲಾನ್ ಹರಡಿದೆ. ಗಾಳಿಗೆ ಹಾರದ ಹಾಗೆ ಅವರು ನಾಲ್ಕು ಮೂಲೆಗೂ ಕಲ್ಲಿಟ್ಟರು. ಇದು ಬಾಗಿಲು, ಇದು ಅಡುಗೆಮನೆ, ಇಲ್ಲಿ ಮಕ್ಕಳು ಮಲಗೋದು ಅಂತ ತೋರಿಸುತ್ತಾ ಹೋದೆ. ಅವರು ಬೆರಳನ್ನು ಪ್ಲಾನಿನ ಮೇಲೆ ಮೆಲ್ಲಗೆ ನಡೆಸಿದರು. ಬಾಗಿಲಿನಿಂದ ಒಳಗೆ, ಚಾಪೆಯ ಪಕ್ಕದಿಂದ ಅಡುಗೆಮನೆಗೆ. ಅಲ್ಲಿ ಬೆರಳು ನಿಂತಿತು.

"ಸಿಲಿಂಡ್ರು ಎಲ್ಲಿಡ್ಲವ್ವ? ಒಳಗಿಟ್ರೆ ಮಕ್ಳು ಮುಟ್ತವೆ."

ನಾನು ಅದನ್ನು ಬರೆದಿರಲಿಲ್ಲ. ಬ್ಯಾಗಿನಿಂದ ಪೆನ್ಸಿಲ್ ತೆಗೆದು ಅವರ ಕೈಗೆ ಕೊಟ್ಟೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಅಡುಗೆಮನೆಯ ಹಿಂದಿನ ಗೋಡೆಯ ಆಚೆ, ನೆರಳಿರುವ ಕಡೆ, ಒತ್ತಿ ಒಂದು ದುಂಡು ಗುರುತು ಹಾಕಿದರು.