ಒಂದೇ ಜನಗಣತಿ, ಎರಡು ಫಲಿತಾಂಶ: ನಮ್ಮ ನಕ್ಷೆ ತರಗತಿ ಎಲ್ಲಿಗೆ ಬಂದಿದೆ

ಜನಗಣತಿಯ ಅಂಕಿಗಳನ್ನು ಓದಿ ಚುನಾವಣಾ ಫಲಿತಾಂಶವನ್ನು ಊಹಿಸುವುದು ಹೇಗೆಂದು ಪದವಿ ವಿದ್ಯಾರ್ಥಿಗಳಿಗೆ ಕಲಿಸುತ್ತಿದ್ದೇನೆ. ಅವರ ಕೈಯಲ್ಲಿರುವುದು 2011ರ ಜನಗಣತಿ ಮತ್ತು 2018ರ ಕರ್ನಾಟಕ ವಿಧಾನಸಭಾ ಫಲಿತಾಂಶ. ಅದರಿಂದ 2023ರಲ್ಲಿ ಪ್ರತಿ ಕ್ಷೇತ್ರದಲ್ಲಿ ಗೆದ್ದವರು ಯಾರೆಂದು ಹೇಳಬೇಕು. ಒಟ್ಟು ಫಲಿತಾಂಶ ಎಲ್ಲರಿಗೂ ಗೊತ್ತಿದ್ದರೂ 224 ಕ್ಷೇತ್ರಗಳನ್ನು ಯಾರೂ ಬಾಯಿಪಾಠ ಮಾಡಿರುವುದಿಲ್ಲ. ಪ್ರತಿ ಊಹೆಯ ಪಕ್ಕದಲ್ಲಿ ಕಾರಣ ಬರೆಯುವುದು ಕಡ್ಡಾಯ. ಕಾರಣವಿಲ್ಲದ ಸರಿಯುತ್ತರಕ್ಕೆ ನಾನು ಅಂಕ ಕೊಡುವುದಿಲ್ಲ.

ಹೆಚ್ಚು ಸಮಯ ಹಿಡಿದದ್ದು ಗಡಿಗಳನ್ನು ಹೊಂದಿಸುವ ಕೆಲಸ. ಜನಗಣತಿ ಜಿಲ್ಲೆ, ತಾಲ್ಲೂಕು, ಗ್ರಾಮಗಳ ಲೆಕ್ಕ ಕೊಡುತ್ತದೆ, ವಿಧಾನಸಭಾ ಕ್ಷೇತ್ರದ ಲೆಕ್ಕವನ್ನಲ್ಲ. ಕ್ಷೇತ್ರದ ವ್ಯಾಪ್ತಿ ತಿಳಿಯಲು 2008ರ ಕ್ಷೇತ್ರ ಮರುವಿಂಗಡಣಾ ಆದೇಶವನ್ನು ನೋಡಬೇಕು. ಅಲ್ಲಿರುವ ಕಂದಾಯ ವೃತ್ತಗಳ, ಅಂದರೆ ತಾಲ್ಲೂಕಿನೊಳಗಿನ ಗ್ರಾಮಗುಂಪುಗಳ, ಹೆಸರು ಹಿಡಿದು ಗ್ರಾಮಗಳನ್ನು ಹುಡುಕಿ, ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಕೂಡಿಸಿದೆವು. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು ಜನಗಣತಿಯಲ್ಲಿ ಹಳೆಯ ಜಿಲ್ಲೆಗಳ ಪಟ್ಟಿಯಲ್ಲೇ ಇವೆ. ಬೇಸರ ತರುವ ಕೆಲಸ, ನಿಜ. ಆದರೂ ಸಿದ್ಧಪಡಿಸಿದ ಕಡತವನ್ನು ಅವರ ಕೈಗಿಡಲು ನನಗೆ ಮನಸ್ಸಾಗಲಿಲ್ಲ. ಒಂದೊಂದು ಅಂಕಿಯ ಹಿಂದೆಯೂ ಊರೊಂದಿದೆ ಎಂಬುದು ಇಲ್ಲಿ ಅರ್ಥವಾಗುವಷ್ಟು ಮತ್ತೆಲ್ಲೂ ಆಗುವುದಿಲ್ಲ.

ವಿದ್ಯಾರ್ಥಿಗಳು ಮೊದಲು ಹಿಡಿದದ್ದು ಸಾಕ್ಷರತೆಯನ್ನು. ಯಾದಗಿರಿ ಜಿಲ್ಲೆಯಲ್ಲಿ ಅದು ಶೇ. 52ರ ಆಸುಪಾಸು, ದಕ್ಷಿಣ ಕನ್ನಡದಲ್ಲಿ ಶೇ. 88ಕ್ಕೂ ಹೆಚ್ಚು. 2018ರಲ್ಲಿ ದಕ್ಷಿಣ ಕನ್ನಡದ ಎಂಟರಲ್ಲಿ ಏಳು ಮತ್ತು ಉಡುಪಿಯ ಐದಕ್ಕೆ ಐದೂ ಸ್ಥಾನಗಳನ್ನು ಬಿಜೆಪಿ ಗೆದ್ದಿತ್ತು. ಸಾಕ್ಷರತೆ ಶೇ. 82 ದಾಟಿದ ಕೊಡಗಿನ ಎರಡೂ ಅದಕ್ಕೇ ಸಿಕ್ಕಿದ್ದವು. ಸಾಕ್ಷರತೆ ಹೆಚ್ಚಿದ್ದಲ್ಲಿ ಬಿಜೆಪಿ ಎಂಬ ಸೂತ್ರ ಹುಟ್ಟಿದ್ದು ಹೀಗೆ. 2023ರ ಹಾಳೆ ತೆರೆದಾಗ ಕರಾವಳಿ ಬಹುಮಟ್ಟಿಗೆ ಹಾಗೆಯೇ ಇತ್ತು, ಆದರೆ ಕೊಡಗಿನ ಎರಡೂ ಸ್ಥಾನ ಕಾಂಗ್ರೆಸ್ ಪಾಲಾಗಿದ್ದವು. ಮಂಡ್ಯದಲ್ಲಿ 2018ರಲ್ಲಿ ಏಳಕ್ಕೆ ಏಳನ್ನೂ ಗೆದ್ದಿದ್ದ ಜೆಡಿಎಸ್‌ಗೆ ಉಳಿದದ್ದು ಕೆ.ಆರ್. ಪೇಟೆ ಮಾತ್ರ.

"ಮೇಡಂ, ಎರಡು ಚುನಾವಣೆಗೂ ನಾವು ಬಳಸಿದ್ದು ಅದೇ ಜನಗಣತಿಯಲ್ಲವೇ?" ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಇಡೀ ಯೋಜನೆಯಲ್ಲಿ ನಾನು ಕಾಯುತ್ತಿದ್ದ ಪ್ರಶ್ನೆ ಇದು. ಅಂಕಿ ಅದೇ ಇದ್ದು, ಬಿಜೆಪಿ 104ರಿಂದ 66ಕ್ಕೆ ಇಳಿದು, ಕಾಂಗ್ರೆಸ್ 135ಕ್ಕೆ ಏರಿದೆ ಎಂದಾದರೆ, ಆ ಏರಿಳಿತದ ಕಾರಣ ಆ ಅಂಕಿಯೊಳಗೆ ಇರಲು ಸಾಧ್ಯವಿಲ್ಲ. ಊರಿಗೂ ಊರಿಗೂ ಇರುವ ವ್ಯತ್ಯಾಸವನ್ನು ಜನಗಣತಿ ತೋರಿಸುತ್ತದೆ. ಒಂದೇ ಊರು ಐದು ವರ್ಷದಲ್ಲಿ ಮನಸ್ಸು ಬದಲಿಸಿದ್ದನ್ನು ಅದೊಂದೇ ಹೇಳಲಾರದು.

ಹಾಗೆಂದು ಅದನ್ನು ಬದಿಗಿಡುವಂತಿಲ್ಲ. ಬದಲಾವಣೆ ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಆಗಲಿಲ್ಲ. 2023ರಲ್ಲಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ 15 ಕ್ಷೇತ್ರಗಳಲ್ಲಿ 14 ಕಾಂಗ್ರೆಸ್‌ಗೆ, ದೇವದುರ್ಗ ಜೆಡಿಎಸ್‌ಗೆ ಹೋದವು. ಬಿಜೆಪಿಗೆ ಒಂದೂ ಸಿಗಲಿಲ್ಲ. ಯಾವ ಬಗೆಯ ಊರುಗಳಲ್ಲಿ ಮತ ಹೆಚ್ಚು ಕದಲಿತು ಎಂದು ಹುಡುಕಲು ಜನಗಣತಿ ಬೇಕೇ ಬೇಕು. ಆದರೆ ಇಷ್ಟರಿಂದಲೇ ಆ ಸಮುದಾಯದವರು ಹೀಗೆ ಮತ ಹಾಕಿದರು ಎಂದು ಬರೆದ ಉತ್ತರಗಳನ್ನೆಲ್ಲ ತಿದ್ದಿಸಿದೆ. ಕ್ಷೇತ್ರದ ಲೆಕ್ಕದಿಂದ ವ್ಯಕ್ತಿಯ ಮತವನ್ನು ಹೇಳಲಾಗದು. ಚುನಾವಣಾ ಚರ್ಚೆಗಳಲ್ಲಿ ದಿನವೂ ನಡೆಯುವ ಈ ಅನ್ಯಾಯವನ್ನು ನಮ್ಮ ಮಕ್ಕಳು ಮುಂದುವರಿಸಬಾರದು ಎಂಬುದು ನನ್ನ ಹಟ.

ನಕ್ಷೆಯನ್ನೂ ಬದಲಿಸಿದ್ದೇವೆ. ಸಾಮಾನ್ಯ ನಕ್ಷೆಯಲ್ಲಿ ಬೆಂಗಳೂರಿನ 28 ಕ್ಷೇತ್ರಗಳು ಒಂದು ಚುಕ್ಕೆಯಂತೆ ಕಾಣುತ್ತವೆ, ಮಲೆನಾಡಿನ ಒಂದೇ ಕ್ಷೇತ್ರ ಅಂಗೈಯಗಲ ಹರಡುತ್ತದೆ. ಈಗ ಗ್ರಾಫ್ ಹಾಳೆಯಲ್ಲಿ ಕ್ಷೇತ್ರಕ್ಕೊಂದು ಚೌಕ. ಬಣ್ಣವೂ ಪಕ್ಷದ್ದಲ್ಲ, ಗೆಲುವಿನ ಅಂತರದ್ದು. ಜಯನಗರದಲ್ಲಿ 2023ರ ಅಂತರ 16 ಮತ. ಅಂಥಲ್ಲಿ ಒಂದೇ ಹೆಸರು ಬರೆಯುವುದು ಸರಿಯಲ್ಲ ಎಂದು, ಇನ್ನು ಮುಂದೆ ಪ್ರತಿ ಪಕ್ಷದ ಸಾಧ್ಯತೆಯನ್ನು ನೂರಕ್ಕೆ ಇಷ್ಟು ಎಂದು ಬರೆಯಲು ಹೇಳಿದ್ದೇನೆ.

ಮುಂದಿನ ಹಂತ ಮತಗಟ್ಟೆಯದು. ಚುನಾವಣಾಧಿಕಾರಿಯ ಅಂತಿಮ ಫಲಿತಾಂಶ ಪತ್ರವಾದ ಫಾರಂ 20ರಲ್ಲಿ ಪ್ರತಿ ಮತಗಟ್ಟೆಯ ಮತಗಳು ಸಿಗುತ್ತವೆ. ಮತಗಟ್ಟೆಗಳ ಪಟ್ಟಿಯ ಜೊತೆ ಅದನ್ನು ಹೋಲಿಸಿದರೆ ಗ್ರಾಮದ ಹೆಸರು ತಿಳಿಯುತ್ತದೆ. ಸೂತ್ರವನ್ನು ಮುರಿದ ಕೊಡಗಿನಿಂದಲೇ, ಅಂದರೆ ಮಡಿಕೇರಿ ಮತ್ತು ವಿರಾಜಪೇಟೆಯಿಂದ, ಈ ಹೊಂದಾಣಿಕೆ ಶುರು ಮಾಡುತ್ತಿದ್ದೇವೆ.