ನನ್ನ ಕೈಗೆ ಒಗ್ಗಿಹೋಗಿದ್ದ ರಿಸೀವರ್‌ಗಳು

ಹುಡುಗಿಯರ ಜೂನಿಯರ್ ವಾಲಿಬಾಲ್ ತಂಡಕ್ಕೆ ಕೋಚಿಂಗ್ ಮಾಡುವುದು ನನ್ನ ಕೆಲಸ. ಎರಡು ಸೀಸನ್ ಹಿಂದಿನ ಒಂದು ಪಂದ್ಯದಲ್ಲಿ ಎದುರು ತಂಡದ ಒಬ್ಬಳೇ ಹುಡುಗಿ ಸರ್ವ್ ಮಾಡುತ್ತಾ ಸತತ ಏಳು ಪಾಯಿಂಟ್ ಎತ್ತಿಕೊಂಡು ಹೋದಳು. ಭಾರಿ ಜೋರಿನ ಸರ್ವ್ ಏನಲ್ಲ, ಚೆಂಡು ತಿರುಗದಂತೆ ನಿಂತಲ್ಲಿಂದಲೇ ಹೊಡೆದ ಫ್ಲೋಟ್ ಸರ್ವ್. ನಾನು ಎರಡೂ ಟೈಮ್‌ಔಟ್ ಮುಗಿಸಿದೆ. ಏನು ಹೇಳಬೇಕು ಅಂತ ತೋಚಲಿಲ್ಲ. ‘ಕಾಲು ಆಡಿಸಿ, ಮಾತಾಡಿ’ ಅಂತ ಅದನ್ನೇ ಎರಡು ಸಲ ಹೇಳಿ ಕಳಿಸಿದೆ.

ನನಗೆ ಚುಚ್ಚಿದ್ದು ಸೋಲಲ್ಲ. ಆ ವಾರ ಪೂರ್ತಿ ನಾವು ರಿಸೀವ್, ಅಂದರೆ ಎದುರಿನವರ ಸರ್ವ್ ಎತ್ತಿ ಪಾಸ್ ಮಾಡುವ ಅಭ್ಯಾಸವನ್ನೇ ಮಾಡಿದ್ದೆವು. ಅದೂ ಚೆನ್ನಾಗಿಯೇ ನಡೆದಿತ್ತು. ಹತ್ತರಲ್ಲಿ ಎಂಟು ಪಾಸ್ ನೇರವಾಗಿ ಸೆಟ್ಟರ್ (ಅಟ್ಯಾಕ್‌ಗೆ ಚೆಂಡು ಎತ್ತಿಕೊಡುವವಳು) ಜಾಗಕ್ಕೆ ಹೋಗುತ್ತಿದ್ದವು. ನೋಡೋಕೆ ಖುಷಿ ಆಗ್ತಿತ್ತು.

ಆ ಅಭ್ಯಾಸ ಹೇಗಿತ್ತು ಅಂದರೆ, ನಾನು ನೆಟ್ ಹತ್ತಿರ ಚೆಂಡಿನ ಬುಟ್ಟಿ ಇಟ್ಟುಕೊಂಡು ನಿಲ್ಲುತ್ತಿದ್ದೆ. ಮೂವರು ರಿಸೀವರ್‌ಗಳು ಆರೇಳು ಮೀಟರ್ ದೂರದಲ್ಲಿ ನಿಲ್ಲುತ್ತಿದ್ದರು. ನಾನು ಎರಡೂ ಕೈಯಿಂದ ಚೆಂಡು ಎಸೆಯುವುದು, ಅವರು ಪಾಸ್ ಮಾಡುವುದು. ಒಬ್ಬೊಬ್ಬರಿಗೂ ಇಪ್ಪತ್ತು ಚೆಂಡು. ಇನ್ನೊಂದು ದಿನ ಸರ್ವ್ ಅಭ್ಯಾಸ: ಎಲ್ಲರೂ ಎಂಡ್ ಲೈನ್ ಹಿಂದೆ ನಿಂತು ಖಾಲಿ ಅಂಕಣಕ್ಕೆ ಹೊಡೆಯುವುದು. ಸರ್ವ್ ಬೇರೆ, ರಿಸೀವ್ ಬೇರೆ. ಎರಡೂ ಅಚ್ಚುಕಟ್ಟು.

ಪಂದ್ಯದ ವಿಡಿಯೊ ನೋಡುತ್ತಾ ಕೂತಾಗ ತಪ್ಪು ಕಾಣಿಸಿತು. ಅಂಕಣದ ಉದ್ದ 18 ಮೀಟರ್. ಸರ್ವ್ ಎಂಡ್ ಲೈನ್ ಹಿಂದಿನಿಂದ ಬರುತ್ತದೆ, ಅಂದರೆ ರಿಸೀವರ್ ತಲುಪಲು ಚೆಂಡು ಹದಿನೈದು ಮೀಟರಿಗೂ ಹೆಚ್ಚು ಹಾರಬೇಕು. ಫ್ಲೋಟ್‌ನಲ್ಲಿ ಚೆಂಡು ತಿರುಗುವುದೇ ಇಲ್ಲ. ಗಾಳಿ ಅದರ ಸುತ್ತ ಸಮನಾಗಿ ಹರಿಯುವುದಿಲ್ಲ, ಹಾಗಾಗಿ ಕೊನೆಯ ಕೆಲವು ಮೀಟರಿನಲ್ಲಿ ಅದು ಪಕ್ಕಕ್ಕೆ ಜಾರುತ್ತದೆ, ಇಲ್ಲವೇ ದೊಪ್ಪನೆ ಕೆಳಗಿಳಿಯುತ್ತದೆ. ನಾನು ಎಸೆಯುತ್ತಿದ್ದ ಚೆಂಡು ಹತ್ತಿರದಿಂದ, ಸಣ್ಣಗೆ ಸುತ್ತುತ್ತಾ, ಎಲ್ಲಿ ಬೀಳುತ್ತದೆ ಅನಿಸುತ್ತದೋ ಅಲ್ಲೇ ಬೀಳುವಂಥದ್ದು. ಜೊತೆಗೆ, ನನ್ನ ಮೊಣಕೈ ಯಾವ ಕಡೆ ತಿರುಗಿದರೆ ಚೆಂಡು ಯಾವ ಕಡೆ ಬರುತ್ತದೆ ಅಂತ ಹುಡುಗಿಯರಿಗೆ ಬಾಯಿಪಾಠ ಆಗಿಹೋಗಿತ್ತು. ಅವರು ಕಲಿತಿದ್ದು ರಿಸೀವ್ ಅಲ್ಲ, ನನ್ನ ಕೈ.

ಆವತ್ತಿನಿಂದ ನಾನು ಚೆಂಡು ಎಸೆಯುವುದನ್ನು ಹೆಚ್ಚುಕಡಿಮೆ ನಿಲ್ಲಿಸಿದೆ. ತೋಳು ಹೇಗೆ ಹಿಡಿಯಬೇಕು ಅಂತ ಹೊಸಬರಿಗೆ ತೋರಿಸುವಾಗ ಐದು ನಿಮಿಷ ಎಸೆಯುತ್ತೇನೆ, ಅಷ್ಟೇ. ಉಳಿದಂತೆ ರಿಸೀವರ್ ಎದುರು ಸರ್ವರ್ ಇರಲೇಬೇಕು, ಸರ್ವರ್ ಎದುರು ರಿಸೀವರ್ ಇರಲೇಬೇಕು.

ಇಬ್ಬರನ್ನೂ ಎದುರುಬದುರು ನಿಲ್ಲಿಸಿದರೆ ಸಾಕು ಅಂದುಕೊಂಡಿದ್ದೆ. ಸಾಕಾಗಲಿಲ್ಲ. ಮೊದಲ ವಾರ ಸರ್ವ್ ತಪ್ಪಿದವರಿಗೆ ಪುಷ್‌ಅಪ್ ಶಿಕ್ಷೆ ಇಟ್ಟಿದ್ದೆ. ಪರಿಣಾಮ ಏನು? ಎಲ್ಲರೂ ಮೆತ್ತಗೆ ನಡು ಅಂಕಣಕ್ಕೆ ತೇಲಿಸಿಬಿಟ್ಟರು. ಯಾರಿಗೆ ತಾನೇ ಪುಷ್‌ಅಪ್ ಬೇಕು? ರಿಸೀವರ್‌ಗಳಿಗೆ ಮತ್ತೆ ನನ್ನ ಎಸೆತದಂಥದ್ದೇ ಚೆಂಡು ಸಿಕ್ಕಿತು. ಶಿಕ್ಷೆ ಕೊಡುವ ಡ್ರಿಲ್‌ನಲ್ಲಿ ಮಕ್ಕಳು ಶಿಕ್ಷೆ ತಪ್ಪಿಸಿಕೊಳ್ಳುವುದನ್ನು ಬಹಳ ಬೇಗ ಕಲಿಯುತ್ತಾರೆ ನೋಡಿ.

ಆಮೇಲೆ ಲೆಕ್ಕವನ್ನೇ ಬದಲಿಸಿದೆ. ಪಾಸ್‌ಗೆ 3ರಿಂದ 0ವರೆಗೆ ಅಂಕ ಕೊಡುವ ಪದ್ಧತಿ ಕೋಚ್‌ಗಳಿಗೆಲ್ಲ ಗೊತ್ತಿರುವುದೇ. ಸೆಟ್ಟರ್ ಯಾರಿಗೆ ಬೇಕಾದರೂ ಸೆಟ್ ಕೊಡಬಹುದಾದ ಪಾಸ್ 3. ಸೆಟ್ಟರ್ ಸ್ವಲ್ಪ ಓಡಬೇಕಾಗಿ ಬಂದು ಆಯ್ಕೆ ಕಮ್ಮಿಯಾದರೆ 2. ಹೇಗೋ ಚೆಂಡು ಎತ್ತಿಕೊಟ್ಟರೆ ಸಾಕು ಎನ್ನುವಂತಿದ್ದರೆ 1. ಏಸ್ ಆದರೆ, ಅಂದರೆ ಸರ್ವೇ ನೇರವಾಗಿ ಪಾಯಿಂಟ್ ಆದರೆ 0. ನಮ್ಮ ಆಟದಲ್ಲಿ 3 ಬಂದರೆ ರಿಸೀವರ್‌ಗಳಿಗೆ ಒಂದು ಪಾಯಿಂಟ್. 1 ಅಥವಾ 0 ಬಂದರೆ ಸರ್ವರ್‌ಗಳಿಗೆ. 2 ಬಂದರೆ ಯಾರಿಗೂ ಇಲ್ಲ. ಸರ್ವ್ ನೆಟ್‌ಗೆ ಹೋದರೂ ಹೊರಗೆ ಬಿದ್ದರೂ ರಿಸೀವರ್‌ಗಳಿಗೆ ಒಂದು. ಅಂದರೆ ಮೆತ್ತಗಿನ ಸರ್ವ್‌ಗೂ ತಪ್ಪಿದ ಸರ್ವ್‌ಗೂ ಬೆಲೆ ಒಂದೇ. ಮೊದಲು 10 ಮುಟ್ಟಿದವರು ಗೆದ್ದರು.

ಎರಡೇ ದಿನಕ್ಕೆ ಇನ್ನೊಂದು ತಲೆನೋವು ಶುರುವಾಯಿತು. ಎಲ್ಲರೂ ಕಣ್ಣುಮುಚ್ಚಿ ಬಾರಿಸತೊಡಗಿದರು. ಅದಕ್ಕೆ ಒಂದು ತಿದ್ದುಪಡಿ: ಒಬ್ಬರು ತಪ್ಪಿದ ಮೇಲೆ ಮುಂದಿನವರೂ ತಪ್ಪಿದರೆ ರಿಸೀವರ್‌ಗಳಿಗೆ ಎರಡು ಪಾಯಿಂಟ್. ಈಗ ಸರದಿಯಲ್ಲಿ ನಿಂತವಳು ತನ್ನ ಮುಂದಿನವಳ ಸರ್ವ್ ನೋಡಲೇಬೇಕು. ಪಂದ್ಯದಲ್ಲೂ ಅಷ್ಟೇ ಅಲ್ವಾ?

ಬುಟ್ಟಿಯೂ ಹೋಯಿತು. ಇಪ್ಪತ್ತು ಚೆಂಡು ಬೆನ್ನುಬೆನ್ನಿಗೆ ಹೊಡೆದರೆ ಮೂರನೆಯದರಿಂದ ತೋಳು ತಾನೇ ಸರಿಮಾಡಿಕೊಳ್ಳುತ್ತದೆ. ಪಂದ್ಯದಲ್ಲಿ ಎರಡು ಸರ್ವ್ ನಡುವೆ ಒಂದು ಇಡೀ ರ್‍ಯಾಲಿ ಇರುತ್ತದೆ, ಏದುಸಿರು ಇರುತ್ತದೆ. ಅದಕ್ಕೇ ಈಗ ಒಂದು ಸರ್ವ್, ಹೊಡೆದ ಕೂಡಲೇ ಒಳಗೆ ಓಡಿ ತನ್ನ ಡಿಫೆನ್ಸ್ ಜಾಗದಲ್ಲಿ ನಿಲ್ಲುವುದು, ಎದುರಿನವರು ಕಟ್ಟಿದ ಅಟ್ಯಾಕ್ ಎತ್ತುವುದು, ಮತ್ತೆ ಸಾಲಿನ ಕೊನೆಗೆ. ನಾನು ವಿಷಲ್ ಊದುತ್ತೇನೆ, ನಿಯಮದ ಪ್ರಕಾರ 8 ಸೆಕೆಂಡ್ ಒಳಗೆ ಸರ್ವ್ ಹೊಡೆಯಬೇಕು. ಮೊದಲೆಲ್ಲ ಸರ್ವ್ ಹೊಡೆದು ಅಲ್ಲೇ ನಿಂತು ತಮ್ಮ ಚೆಂಡನ್ನೇ ಮೆಚ್ಚಿಕೊಂಡು ನೋಡುವ ಚಾಳಿ ಇತ್ತು. ಅದು ಬಿಟ್ಟಿತು. ಎಂಡ್ ಲೈನಿಂದ ಚೆಂಡು ದಾಟಿಸಲಾಗದ ಚಿಕ್ಕವರಿಗೆ ಎರಡು ಹೆಜ್ಜೆ ಒಳಗಿನಿಂದ ಹೊಡೆಯಲು ಬಿಡುತ್ತೇನೆ. ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಎದುರಿಗೆ ಸರ್ವರ್ ಬಂದ ಮೇಲೆ ಹೊರಬಿದ್ದ ದೊಡ್ಡ ಸಮಸ್ಯೆ ಬೇರೆಯೇ ಇತ್ತು. ನಾನು ಎಸೆಯುವಾಗ ಯಾವಾಗಲೂ ಒಬ್ಬರ ಕಡೆಗೆ ಎಸೆಯುತ್ತಿದ್ದೆ. ಸರ್ವರ್ ಬುದ್ಧಿವಂತೆಯಾದರೆ ಇಬ್ಬರ ನಡುವೆ ಹೊಡೆಯುತ್ತಾಳೆ. ಒಂದು ಸಂಜೆ ಹಾಗೆ ಬಂದ ಚೆಂಡು ನಮ್ಮ ಲಿಬೆರೊ (ರಿಸೀವ್, ಡಿಫೆನ್ಸ್‌ಗೆಂದೇ ಇರುವ ಆಟಗಾರ್ತಿ) ಮತ್ತು ಅವಳ ಎಡಗಡೆಯವಳ ಮಧ್ಯೆ, ಇಬ್ಬರಿಗೂ ಒಂದೇ ಹೆಜ್ಜೆ ದೂರದಲ್ಲಿ ಬಿತ್ತು. ಇಬ್ಬರೂ ಮೊಣಕಾಲು ಬಗ್ಗಿಸಿದ್ದರು, ಇಬ್ಬರ ತೋಳೂ ಸಿದ್ಧ. ಯಾರೂ ಕದಲಲಿಲ್ಲ. ಚೆಂಡು ಬಿದ್ದ ಜಾಗವನ್ನು ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ‘ನೀನು ತಗೋತೀಯ ಅಂದ್ಕೊಂಡೆ.’ ‘ನಾನೂ ಹಾಗೇ ಅಂದ್ಕೊಂಡೆ.’

ಅದರಿಂದ ಒಂದು ನಿಯಮ ಹುಟ್ಟಿತು. ಚೆಂಡು ನೆಟ್ ದಾಟುವ ಮೊದಲು ‘ನಂದು’ ಅನ್ನಬೇಕು. ತಡವಾದರೆ ಪಾಸ್ 3 ಆಗಿದ್ದರೂ ಪಾಯಿಂಟ್ ಇಲ್ಲ. ಅಷ್ಟು ಬೇಗ ಹೇಳಬೇಕೆಂದರೆ ಸರ್ವರ್ ಚೆಂಡು ಎಸೆದುಕೊಳ್ಳುವಾಗಲೇ ಅವಳ ಭುಜ ನೋಡಬೇಕು, ಅವಳು ಯಾವ ಕಡೆ ಮುಖ ಮಾಡಿದ್ದಾಳೆ ನೋಡಬೇಕು. ‘ಸರ್ವರ್ ಕಡೆ ನೋಡಿ’ ಅಂತ ನಾನು ವರ್ಷಗಟ್ಟಲೆ ಕಿರುಚಿದ್ದೆ. ಕೇಳಿದವರು ಕಮ್ಮಿ. ಪಾಯಿಂಟ್ ಹೋಗುತ್ತದೆ ಅಂದಾಗ ತಾವೇ ನೋಡತೊಡಗಿದರು.

ನೋಡೋಕೆ ನಮ್ಮ ಅಭ್ಯಾಸ ಈಗ ಮೊದಲಿನಷ್ಟು ಚೆಂದವಿಲ್ಲ. ಚೆಂಡುಗಳು ಗೋಡೆಗೆ ಬಡಿಯುತ್ತವೆ, ಜಗಳ ಆಗುತ್ತದೆ, 2 ಕೊಟ್ಟಿದ್ದಕ್ಕೆ ‘ಅದು 3 ಸರ್’ ಅಂತ ಬಂದು ವಾದಿಸುತ್ತಾರೆ. ಹತ್ತರಲ್ಲಿ ಎಂಟು ಇದ್ದ ಒಳ್ಳೆ ಪಾಸ್ ಮೊದಲ ತಿಂಗಳು ನಾಲ್ಕಕ್ಕೆ ಇಳಿದಿತ್ತು. ಪೋಷಕರೊಬ್ಬರು ಬಂದು, ಮಕ್ಕಳು ಹಿಂದೆ ಚೆನ್ನಾಗಿ ಆಡುತ್ತಿದ್ದರಲ್ಲ ಅಂದರು. ಏನು ಉತ್ತರ ಕೊಡುವುದು? ಸುಮ್ನೆ ಸ್ಕೋರ್ ಪುಸ್ತಕ ತೋರಿಸಿದೆ. ಅವರಿಗೆ ಸಮಾಧಾನ ಆದಂತೆ ಕಾಣಲಿಲ್ಲ.

ಇನ್ನೂ ಬಗೆಹರಿಯದ್ದು ಜಂಪ್ ಸರ್ವ್. ನಮ್ಮಲ್ಲಿ ಟಾಪ್‌ಸ್ಪಿನ್ ಜಂಪ್ ಸರ್ವ್, ಅಂದರೆ ಹಾರಿ ಚೆಂಡು ಮುಂದಕ್ಕೆ ಸುತ್ತುವಂತೆ ಜೋರಾಗಿ ಹೊಡೆಯುವ ಸರ್ವ್, ಹೊಡೆಯುವವರು ಯಾರೂ ಇಲ್ಲ, ಎದುರು ತಂಡಗಳಲ್ಲಿ ಇದ್ದಾರೆ. ನಾನೇ ಹೊಡೆಯಲು ಹೋಗಿ ಹದಿನೈದನೇ ಸರ್ವ್‌ಗೆ ಭುಜ ಹಿಡಿದುಕೊಂಡು ಕೂತೆ. ಅಲ್ಲದೆ ನಾನೊಬ್ಬನೇ ಹೊಡೆದರೆ ಅವರು ಮತ್ತೆ ನನ್ನ ಕೈಯನ್ನೇ ಕಲಿಯುತ್ತಾರೆ. ಈಗ ಹದಿನೈದು ದಿನಕ್ಕೊಮ್ಮೆ ಹಿರಿಯರ ತಂಡದಿಂದ ಇಬ್ಬರನ್ನು ಕರೆಸುತ್ತೇನೆ. ಅವರಂತೂ ಕುಣಿದಾಡಿಕೊಂಡು ಬರುತ್ತಾರೆ. ನಮ್ಮ ಲಿಬೆರೊ ಮಾತ್ರ ಆ ದಿನ ಬೆಳಿಗ್ಗೆಯೇ ಮೆಸೇಜ್ ಮಾಡಿ, ಅವರು ಇವತ್ತು ಬರುತ್ತಾರಾ ಅಂತ ಕೇಳುತ್ತಾಳೆ.